ಉಟ್ಟು ಹರಿದ ಬಟ್ಟೆಯ ಚರಿತ್ರೆ

ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿಗೆ ಹೋಗಿ ಟಿಪ್ಪುವಿನ ಹುಲಿಯನ್ನು ನೋಡಿಬಂದವರು ನಮ್ಮ ಬಳಗದಲ್ಲಿ ಬಹಳ ಮಂದಿ ಇದ್ದಾರೆ. ಊರಿನಿಂದ ಅಪ್ಪ-ಅಮ್ಮ ಬಂದರೆಂದರೆ ಅದೊಂದು ಕಡ್ಡಾಯ ಯಾತ್ರೆ! ಆದರೆ ಅದೇ ಮ್ಯೂಸಿಯಮ್ಮಿನ ಉಗ್ರಾಣಕ್ಕೂ ಈಗ ಹೋಗಬಹುದೆಂಬುದು ಹಲವರಿಗೆ ತಿಳಿದಿಲ್ಲ. 2025ರ ಮೇ 31ರಂದು ಪೂರ್ವ ಲಂಡನ್ನಿನ ಒಲಿಂಪಿಕ್ ಪಾರ್ಕಿನಲ್ಲಿ ‘ವಿ ಅಂಡ್ ಎ ಈಸ್ಟ್ ಸ್ಟೋರ್‌ಹೌಸ್’ ತೆರೆಯಿತು. ಪ್ರವೇಶ ಉಚಿತ. ಎರಡು ವಾರ ಮುಂಚಿತವಾಗಿ ಕೇಳಿಕೊಂಡರೆ ಸಂಗ್ರಹದ ಐದು ವಸ್ತುಗಳವರೆಗೆ ತಂದು ನಿಮ್ಮೆದುರು ಮೇಜಿನ ಮೇಲೆ ಇಡುತ್ತಾರೆ. ಅದಕ್ಕೆ ವಿದ್ವಾಂಸರೇ ಆಗಿರಬೇಕೆಂದಿಲ್ಲ. ತೆರೆದ ಹೊಸತರಲ್ಲಿ ಜನ ಅತಿ ಹೆಚ್ಚು ಕೇಳಿದ್ದು ಬಾಲೆನ್ಸಿಯಾಗ 1954ರಲ್ಲಿ ಮಾಡಿದ ಗುಲಾಬಿ ಬಣ್ಣದ ರೇಷ್ಮೆ ಗೌನನ್ನು.

ಅಂಥ ಗೌನು ಉಳಿಯುವುದರಲ್ಲಿ ಆಶ್ಚರ್ಯವೇನಿಲ್ಲ. ದುಬಾರಿ ಬಟ್ಟೆಯನ್ನು ಯಾರೂ ದಿನಾ ತೊಡುವುದಿಲ್ಲ, ಮಡಿಸಿ ಜೋಪಾನ ಮಾಡುತ್ತಾರೆ. ಹೀಗಾಗಿ ಜಗತ್ತಿನ ಉಡುಪಿನ ಸಂಗ್ರಹಗಳಲ್ಲೆಲ್ಲ ಮದುವೆಯ ಬಟ್ಟೆ, ಆಸ್ಥಾನದ ಬಟ್ಟೆ ತುಂಬಿಕೊಂಡಿವೆ. ಬಾವಿಕಟ್ಟೆಗೆ, ಹೊಲಕ್ಕೆ, ಗಿರಣಿಗೆ ಉಟ್ಟುಹೋದದ್ದು ಒಗೆಯುವ ಕಲ್ಲಿನ ಮೇಲೆಯೇ ಸವೆದುಹೋಯಿತು. ಬಹುಪಾಲು ಜನ ಬಹುಪಾಲು ದಿನ ಏನು ಉಟ್ಟಿದ್ದರು ಎಂಬ ಸರಳ ಪ್ರಶ್ನೆಗೇ ಉತ್ತರ ಹುಡುಕುವುದು ಕಷ್ಟ.

ಈ ಮಾತಿಗೆ ಒಂದು ದೊಡ್ಡ ಅಪವಾದ ಲಂಡನ್ನಿನಲ್ಲೇ ಇದೆ. ಥಾಮಸ್ ಕೋರಮ್ ಎಂಬ ಹಡಗಿನ ಕಪ್ತಾನ 1739ರಲ್ಲಿ ಸ್ಥಾಪಿಸಿದ ಫೌಂಡ್ಲಿಂಗ್ ಹಾಸ್ಪಿಟಲ್ (ಹೆಸರು ಹಾಸ್ಪಿಟಲ್ ಎಂದಿದ್ದರೂ ಅದು ಆಸ್ಪತ್ರೆಯಲ್ಲ, ಸಾಕಲಾರದ ತಾಯಂದಿರು ಬಿಟ್ಟುಹೋಗುವ ಹಸುಳೆಗಳ ಆಶ್ರಯ) 1741ರಲ್ಲಿ ಮಕ್ಕಳನ್ನು ತೆಗೆದುಕೊಳ್ಳಲು ಶುರುಮಾಡಿತು. ತಾಯಿ ಹೆಸರು ಹೇಳಬೇಕಿರಲಿಲ್ಲ. ಗುಮಾಸ್ತ ಮಗುವಿನ ಮೈಮೇಲಿದ್ದ ಬಟ್ಟೆಯ ವಿವರವನ್ನು ಒಂದು ಹಾಳೆಯಲ್ಲಿ ಬರೆದು, ಅನೇಕ ವೇಳೆ ಆ ಬಟ್ಟೆಯದೇ ಒಂದು ತುಂಡನ್ನು ಅದಕ್ಕೆ ಪಿನ್ನಿನಿಂದ ಚುಚ್ಚಿಡುತ್ತಿದ್ದ. ಮುಂದೊಂದು ದಿನ ತಾಯಿ ಮಗುವನ್ನು ಕೇಳಿಕೊಂಡು ಬಂದರೆ ಗುರುತು ಹಿಡಿಯಲು ಅದೇ ಸಾಕ್ಷಿ. 1760ರವರೆಗೆ ಬಂದ ಮಕ್ಕಳು 16,282. ತಾಯಿಯೋ ಬಂಧುಗಳೋ ಬಂದು ಮರಳಿ ಕರೆದೊಯ್ದದ್ದು 152 ಮಕ್ಕಳನ್ನು ಮಾತ್ರ.

ಆ ಹಾಳೆಗಳನ್ನೆಲ್ಲ ದಪ್ಪ ಪುಸ್ತಕಗಳಾಗಿ ಹೊಲಿದು ಕಟ್ಟಿಟ್ಟರು. ಸುಮಾರು ಐದು ಸಾವಿರ ಬಟ್ಟೆಯ ಚೂರುಗಳು ಅವುಗಳೊಳಗೆ ಉಳಿದುಬಂದಿವೆ. ಬ್ರಿಟನ್ನಿನಲ್ಲಿ ಹದಿನೆಂಟನೆಯ ಶತಮಾನದ ದಿನಬಳಕೆಯ ಬಟ್ಟೆಗಳ ಇದಕ್ಕಿಂತ ದೊಡ್ಡ ಸಂಗ್ರಹ ಬೇರೊಂದಿಲ್ಲ. ಮುಚ್ಚಿದ ಪುಸ್ತಕದೊಳಗೆ ಬೆಳಕು ಬೀಳದ ಕಾರಣ ಹೂವಿನ ಅಚ್ಚಿನ ಹತ್ತಿ, ಚೌಕಳಿಯ ಲಿನನ್, ಕೆಂಪು ಉಣ್ಣೆ ಎಲ್ಲದರ ಬಣ್ಣ ನಿನ್ನೆ ಹಾಕಿದಂತಿದೆ. ಇತಿಹಾಸಕಾರ ಜಾನ್ ಸ್ಟೈಲ್ಸ್ ಇವನ್ನು ಅಧ್ಯಯನ ಮಾಡಿ 2010ರಲ್ಲಿ ‘ಥ್ರೆಡ್ಸ್ ಆಫ್ ಫೀಲಿಂಗ್’ ಎಂಬ ಪ್ರದರ್ಶನ ಏರ್ಪಡಿಸಿದರು. ಅದರಲ್ಲಿದ್ದ ಒಂದು ತುಂಡು ಪ್ರಸಿದ್ಧವಾಯಿತು. 1767ರಲ್ಲಿ ಬಿಟ್ಟುಹೋದ ಒಂದು ಗಂಡುಮಗುವಿನ ಹಾಳೆಯಲ್ಲಿ ಬೇರೆಬೇರೆ ಚೂರುಗಳನ್ನು ಜೋಡಿಸಿ ಹೊಲಿದ ಪಟ್ಟಿ, ಅದರ ಮೇಲೆ ಕೆಂಪು ದಾರದಲ್ಲಿ ಹೆಣೆದ ಹೃದಯ. ಹೃದಯದ ನಟ್ಟನಡುವೆ ಕತ್ತರಿಸಿ ಅರ್ಧವನ್ನು ಇಲ್ಲಿ ಬಿಟ್ಟಿದ್ದಾರೆ. ಎಂಟು ವರ್ಷದ ಮೇಲೆ, 1775ರಲ್ಲಿ, ಸಾರಾ ಬೆಂಡರ್ ಎಂಬ ಆ ತಾಯಿ ಬಂದು ಮಗನನ್ನು ಕರೆದುಕೊಂಡು ಹೋದಳು.

ಫ್ಯಾಷನ್ನಿನ ಚರಿತ್ರೆಯನ್ನು ಉಳಿಸಬೇಕೆಂದು ಆ ಗುಮಾಸ್ತರು ಬರೆಯಲಿಲ್ಲ. ಆದರೆ ಬಟ್ಟೆಯ ಜೊತೆಗೆ ತಾರೀಖು, ಮಗುವಿನ ವಯಸ್ಸು, ಯಾವ ಉಡುಪಿನದು ಎಂಬ ವಿವರ ಇದ್ದುದರಿಂದಲೇ ಆ ಚಿಂದಿ ಇಂದು ದಾಖಲೆಯಾಗಿದೆ. ಬರಹವಿಲ್ಲದ ಚೂರು ಬರೀ ಚೂರು. ಇನ್ನೊಂದು ಉದಾಹರಣೆ ನೋಡಿ. ಬಾರ್ಬರಾ ಜಾನ್ಸನ್ ಎಂಬ ಪಾದ್ರಿಯ ಮಗಳು 1746ರಿಂದ 1823ರವರೆಗೆ, ಅಂದರೆ ಎಂಟು ವರ್ಷದ ಹುಡುಗಿಯಾಗಿದ್ದಾಗಿನಿಂದ ಮುಪ್ಪಿನವರೆಗೆ, ತಾನು ಹೊಲಿಸಿಕೊಂಡ ಉಡುಪುಗಳ ಚೂರನ್ನು ಹಳೆಯ ಲೆಕ್ಕದ ಪುಸ್ತಕವೊಂದರಲ್ಲಿ ಲಗತ್ತಿಸಿ, ಎಷ್ಟು ಗಜ, ಗಜಕ್ಕೆ ಎಷ್ಟು ಬೆಲೆ, ಯಾವ ವರ್ಷ ಎಂದು ಬರೆದಿಟ್ಟಳು. ಆ ಪುಸ್ತಕ ಈಗ ವಿ ಅಂಡ್ ಎ ಸಂಗ್ರಹದಲ್ಲಿದೆ. ಒಬ್ಬ ಹೆಂಗಸಿನ ಮುಕ್ಕಾಲು ಶತಮಾನದ ಬಟ್ಟೆಯ ಖರ್ಚು!

ನಮ್ಮ ದೇಶದ ಬಟ್ಟೆಗಳ ಇಂಥ ದಾಖಲೆ ಬೇರೆಯೇ ಉದ್ದೇಶದಿಂದ ಹುಟ್ಟಿತು. ಭಾರತದ ಉತ್ಪನ್ನಗಳ ಬಗ್ಗೆ ಲಂಡನ್ನಿನ ಸರ್ಕಾರಕ್ಕೆ ವರದಿ ಮಾಡುವ ಅಧಿಕಾರಿಯಾಗಿದ್ದ ಜಾನ್ ಫೋರ್ಬ್ಸ್ ವಾಟ್ಸನ್ 1866ರಲ್ಲಿ ಹದಿನೆಂಟು ಸಂಪುಟಗಳನ್ನು ಹೊರತಂದರು. ಒಳಗೆ ಚಿತ್ರಗಳ ಬದಲು ನಿಜವಾದ ಬಟ್ಟೆಯ 700 ಮಾದರಿಗಳು: ಪೇಟ, ಧೋತರ, ಸೀರೆ, ಮಸ್ಲಿನ್. ಪ್ರತಿಯೊಂದಕ್ಕೂ ಉದ್ದ, ಅಗಲ, ತೂಕ, ಬೆಲೆ, ಊರು. ಇಂಥ ಇಪ್ಪತ್ತು ಪ್ರತಿಗಳನ್ನು ಮಾಡಿ ಹದಿಮೂರನ್ನು ಬ್ರಿಟನ್ನಿಗೂ ಏಳನ್ನು ಭಾರತಕ್ಕೂ ಹಂಚಿದರು. ಭಾರತೀಯರು ಏನು ಉಡುತ್ತಾರೆ, ಅವರಿಗೆ ಎಂಥ ಅಂಚು ಹಿಡಿಸುತ್ತದೆ ಎಂಬುದನ್ನು ಇಲ್ಲಿನ ಗಿರಣಿಯವರು ತಿಳಿದು ನಕಲು ಮಾಡಿ ನಮಗೇ ಮಾರಲಿ ಎಂಬುದು ಮುಖ್ಯ ಉದ್ದೇಶ. ಈ ಮಾದರಿಗಳಿಗಾಗಿ ಇಂಡಿಯಾ ಮ್ಯೂಸಿಯಮ್ಮಿನಲ್ಲಿದ್ದ ಇಡೀ ಇಡೀ ಬಟ್ಟೆಗಳನ್ನೇ ಕತ್ತರಿಸಿದರು. ನೇಕಾರನ ಹೊಟ್ಟೆಯ ಮೇಲೆ ಹೊಡೆಯಲು ಮಾಡಿದ ಆ ಸಂಪುಟಗಳೇ ಇಂದು, ನಿಂತುಹೋದ ಎಷ್ಟೋ ನೇಯ್ಗೆಗಳನ್ನು ತಿಳಿಯಲು ನಮಗಿರುವ ಆಧಾರ.

ಕತ್ತರಿಸಿದ ಚೂರಿಗೆ ಒಂದು ಮಿತಿ ಇದೆ. ನಮ್ಮ ಇಳಕಲ್ ಸೀರೆಯನ್ನೇ ತೆಗೆದುಕೊಳ್ಳಿ. ಅದರ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಒಡಲಿನ ಒಂದೊಂದು ಎಳೆಯನ್ನೂ ಸೆರಗಿನ ಒಂದೊಂದು ಎಳೆಗೆ ಕೊಂಡಿ ಹಾಕಿ ಜೋಡಿಸಿ ಆಮೇಲೆ ನೇಯುತ್ತಾರೆ. ಒಡಲಿನಿಂದ ಅಂಗೈಯಗಲ ಚೂರು ಕತ್ತರಿಸಿದರೆ ಈ ಕೊಂಡಿಯ ಕತೆಯೇ ಸಿಗುವುದಿಲ್ಲ. ಫೋಟೊದಲ್ಲಿ ನೋಡಿದರೂ ತಿಳಿಯದು. ಕಸೂತಿಯೂ ಹಾಗೆಯೇ. ಗೋಪುರ, ತೇರು, ತುಳಸಿ ಕಟ್ಟೆಗಳ ವಿನ್ಯಾಸವನ್ನು ಚಿತ್ರದಿಂದ ನಕಲು ಮಾಡಬಹುದು. ಗವಂತಿ ಹೊಲಿಗೆ ಗಂಟಿಲ್ಲದೆ ಹೇಗೆ ಹೋಗಿ ಹೇಗೆ ಮರಳುತ್ತದೆ ಎಂಬುದನ್ನು ತಿಳಿಯಲು ಬಟ್ಟೆಯನ್ನು ತಿರುವಿಹಾಕಿ ಹಿಂಬದಿ ನೋಡಬೇಕು. ಆದ್ದರಿಂದ ಎಷ್ಟೇ ಕಂಪ್ಯೂಟರ್ ದಾಖಲೆ ಮಾಡಿದರೂ ಸಂಗ್ರಹಾಲಯಗಳು ಬಟ್ಟೆಯನ್ನು ಬಿಸಾಡುವುದಿಲ್ಲ.

ಆದರೆ ಇಟ್ಟುಕೊಳ್ಳುವುದೇನು ಸುಲಭವೇ? ಬೆಳಕು ಮೊದಲ ಶತ್ರು. ಒಮ್ಮೆ ಮಾಸಿದ ಬಣ್ಣ ಮರಳದು. ಹಾಗಾಗಿಯೇ ಉಡುಪಿನ ಪ್ರದರ್ಶನಗಳಲ್ಲಿ ಸಾಮಾನ್ಯವಾಗಿ 50 ಲಕ್ಸ್‌ನಷ್ಟು ಮಂದ ಬೆಳಕು. ‘ಇಷ್ಟು ಕತ್ತಲೆ ಯಾಕಪ್ಪಾ’ ಎಂದು ನಾವೆಲ್ಲ ಗೊಣಗುವುದು ಇದಕ್ಕೇ. ಎರಡನೆಯದು ನುಸಿ. ಅದರ ಮರಿಹುಳು ಉಣ್ಣೆ, ರೇಷ್ಮೆ, ತುಪ್ಪಳ ತಿನ್ನುತ್ತದೆ. ಗಂಜಿ ಹಾಕಿದ ಹತ್ತಿಗೆ ಬರುವುದು ಸಿಲ್ವರ್ ಫಿಶ್. ಸಂಗ್ರಹಾಲಯಗಳಲ್ಲಿ ಬಟ್ಟೆಯನ್ನು ಪಾಲಿಥಿನ್ ಚೀಲದಲ್ಲಿ ಬಿಗಿಯಾಗಿ ಮುಚ್ಚಿ ಮೈನಸ್ 30 ಡಿಗ್ರಿಯಲ್ಲಿ ಮೂರು ದಿನ ಇಟ್ಟು ಹುಳುವನ್ನು ಕೊಲ್ಲುತ್ತಾರೆ. ಮೂರನೆಯ ಶತ್ರು ಬಟ್ಟೆಯೊಳಗೇ ಕುಳಿತಿರುತ್ತದೆ. ರೇಷ್ಮೆಯ ಅಂಟನ್ನು ಕುದಿಸಿ ತೆಗೆದಾಗ ಸುಮಾರು ಕಾಲುಭಾಗ ತೂಕ ಹೋಗುತ್ತದೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಯುರೋಪಿನ ತಯಾರಕರು ಆ ನಷ್ಟ ತುಂಬಲು ತವರದ ಲವಣಗಳನ್ನು ಕುಡಿಸಿ ರೇಷ್ಮೆಯ ತೂಕ ಹೆಚ್ಚಿಸಿದರು. ಆಗ ಸರಸರ ಸದ್ದುಮಾಡುತ್ತ ಮೆರೆದ ಆ ಗೌನುಗಳು ಈಗ ಮುಟ್ಟಿದರೆ ಸೀಳಿಹೋಗುತ್ತವೆ. ತೆಳುವಾದ ಜಾಲರಿ ಬಟ್ಟೆಯ ನಡುವೆ ಆಸರೆ ಕೊಟ್ಟು ಮಲಗಿಸುವುದಲ್ಲದೆ ಬೇರೆ ಮದ್ದಿಲ್ಲ.

ಇನ್ನು ನಮ್ಮ ಮನೆಗಳ ಮಾತು. ಊರಿನಲ್ಲಿ ಹಳೆಯ ನೂಲಿನ ಸೀರೆ ಸ್ಟೀಲ್ ಪಾತ್ರೆಯವಳಿಗೆ ಹೋಗುತ್ತಿತ್ತು. ಜರಿ ಸೀರೆಯನ್ನು ಕೊಂಡವನು ಬೆಳ್ಳಿಗಾಗಿ ಸುಡುತ್ತಿದ್ದ. ಉತ್ತರ ಕರ್ನಾಟಕದ ಮನೆಗಳಲ್ಲಿ ಮಾತ್ರ ಹರಿದ ಸೀರೆ, ಕುಪ್ಪಸ, ಧೋತರಗಳ ತುಂಡುಗಳೆಲ್ಲ ಕೌದಿಗೆ ಸೇರುತ್ತಿದ್ದವು. ನನ್ನ ಲೆಕ್ಕದಲ್ಲಿ ಕೌದಿಯೇ ನಮ್ಮ ಬಾರ್ಬರಾ ಜಾನ್ಸನ್ ಪುಸ್ತಕ. ಒಂದು ಮನೆಯ ಇಪ್ಪತ್ತು ಮೂವತ್ತು ವರ್ಷದ ಬಟ್ಟೆ ಅದರಲ್ಲಿರುತ್ತದೆ, ಅದೂ ದಿನಾ ಉಟ್ಟದ್ದು. ಇಲ್ಲದಿರುವುದು ಬರಹ ಒಂದೇ. ಯಾವ ತುಂಡು ಯಾರದು ಎಂದು ಹೊಲಿದ ಅಜ್ಜಿಗೆ ಗೊತ್ತಿರುತ್ತದೆ. ಅವರು ಇರುವಾಗಲೇ ಕೇಳಿ ಬರೆದುಕೊಳ್ಳಬೇಕು.

ಇಂಥ ಕೌದಿಯೋ ಅಮ್ಮನ ಸೀರೆಯೋ ನಿಮ್ಮ ಮನೆಯ ಅಟ್ಟದ ಸೂಟ್‌ಕೇಸಿನಲ್ಲಿದ್ದರೆ ಮೊದಲು ಕೆಳಗಿಳಿಸಿ. ಇಲ್ಲಿನ ಅಟ್ಟ ಬೇಸಗೆಯಲ್ಲಿ ಕಾಯುತ್ತದೆ, ಚಳಿಗಾಲದಲ್ಲಿ ಬೆವರುತ್ತದೆ. ಅಂಗಡಿಯ ಪ್ಲಾಸ್ಟಿಕ್ ಚೀಲ ತೆಗೆದು ಒಗೆದ ಬಿಳಿ ಹತ್ತಿ ಬಟ್ಟೆಯಲ್ಲಿ ಸುತ್ತಿ. ನುಸಿಗುಳಿಗೆ ಜರಿಗೆ ತಾಗುವುದು ಬೇಡ. ಸೀರೆಗೆ ಹೊಲಿಗೆಯಿಲ್ಲದ ಕಾರಣ ದಪ್ಪ ಕೊಳವೆಗೆ ಆಮ್ಲರಹಿತ ಕಾಗದ ಸುತ್ತಿ ಅದರ ಮೇಲೆ ಉರುಳಿಸಿಡುವುದು ಉತ್ತಮ. ಆಗದಿದ್ದರೆ ಆರು ತಿಂಗಳಿಗೊಮ್ಮೆ ಮಡಿಕೆ ಬದಲಿಸಿ, ಏಕೆಂದರೆ ಜರಿ ಮುರಿಯುವುದು ಮಡಿಕೆಯಲ್ಲೇ. ತೇಪೆ, ಕಲೆ, ಬಿಚ್ಚಿ ಅಗಲ ಮಾಡಿದ ರವಿಕೆಯ ಹೊಲಿಗೆ ಇವನ್ನು ಸರಿಪಡಿಸಲು ಹೋಗಬೇಡಿ. ಉಟ್ಟವರ ಬದುಕು ಇರುವುದು ಅಲ್ಲಿಯೇ. ಯಾರು ಉಟ್ಟದ್ದು, ಯಾವ ಊರಿನ ಯಾವ ಅಂಗಡಿಯಲ್ಲಿ ಕೊಂಡದ್ದು, ಎಷ್ಟು ಬೆಲೆ, ಯಾವ ವರ್ಷ, ಹಬ್ಬಕ್ಕೋ ಅಡುಗೆಮನೆಗೋ ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ಜೊತೆಗಿಡಿ. ಇಂಗ್ಲಿಷಿನ ಜೊತೆ ಕನ್ನಡದಲ್ಲೂ ಇರಲಿ. ಅಂಚಿಗೆ, ಬಣ್ಣಕ್ಕೆ ಅಮ್ಮ ಹೇಳುತ್ತಿದ್ದ ಹೆಸರುಗಳಿಗೆ ಇಂಗ್ಲಿಷಿನಲ್ಲಿ ಪದವಿಲ್ಲ. ಪೆನ್ಸಿಲ್ಲಿನಲ್ಲೇ ಬರೆಯಿರಿ. ಶಾಯಿ ತೇವಕ್ಕೆ ಹರಡಿ ಬಟ್ಟೆಗೆ ಹತ್ತಿಕೊಂಡರೆ ಮತ್ತೆ ಹೋಗದು.