ಮುರಕಲ್ಲು ಲಾವಾಶಿಲೆಯೇ?

ಬೇಕಲ ಕೋಟೆಯ ಮುರಕಲ್ಲಿನ ರಂಧ್ರಗಳನ್ನು ಕಂಡು ಅದನ್ನು ಜ್ವಾಲಾಮುಖಿಯ ಶಿಲೆಯೆಂದು ಮಕ್ಕಳು ಭಾವಿಸುವುದು ಸಹಜ. ಆದರೆ ಮಳೆ-ಬಿಸಿಲುಗಳಿಗೆ ಪುರಾತನ ಶಿಲೆಗಳು ಶಿಥಿಲಗೊಂಡು, ಸಿಲಿಕಾ ಕರಗಿಹೋಗಿ, ಕಬ್ಬಿಣ ಹಾಗೂ ಅಲ್ಯುಮಿನಿಯಂ ಆಕ್ಸೈಡುಗಳು ಉಳಿದುದರಿಂದ ಮುರಕಲ್ಲು ಉಂಟಾಯಿತು. ಅದರ ಕೆಂಪು ಕಬ್ಬಿಣದ್ದು.

ಲಾವಾಶಿಲೆಯನ್ನು ಕಾಣಲು ಮಲ್ಪೆ ಸಮೀಪದ ಸೇಂಟ್ ಮೇರಿಸ್ ದ್ವೀಪಕ್ಕೆ ಹೋಗಬೇಕು. ಭಾರತದಿಂದ ಮಡಗಾಸ್ಕರ್ ಬೇರ್ಪಟ್ಟ ಕಾಲದಲ್ಲಿ, ಸುಮಾರು 8.8 ಕೋಟಿ ವರ್ಷಗಳ ಹಿಂದೆ ಉಕ್ಕಿದ ಲಾವಾ ಅಲ್ಲಿ ತಣಿದು ಕುಗ್ಗುವಾಗ ಬಿರುಕುಬಿಟ್ಟು ಬಹುಭುಜಾಕಾರದ ಕಂಬಗಳಾಗಿದೆ.

ಲಾವಾಶಿಲೆಗಳನ್ನು ಸಿಲಿಕಾದ ಪ್ರಮಾಣದಿಂದ ವಿಂಗಡಿಸುತ್ತಾರೆ. ಶೇ. 45ರಿಂದ 52ರಷ್ಟಿದ್ದರೆ ಬಸಾಲ್ಟ್, ಹೆಚ್ಚಿದಂತೆ ಆಂಡಿಸೈಟ್, ಡೇಸೈಟ್, ಸುಮಾರು ಶೇ. 70 ದಾಟಿದರೆ ರಯೋಲೈಟ್. ಮಲ್ಪೆಯ ಕಂಬಗಳು ಕೊನೆಯ ಎರಡು ಬಗೆಗಳಿಗೆ ಸೇರುತ್ತವೆ. ಪರೀಕ್ಷೆಯಲ್ಲಿ ಅಗ್ನಿಶಿಲೆಗೆ ಉದಾಹರಣೆ ಕೇಳಿದಾಗ ಮನೆಗೋಡೆಯ ಮುರಕಲ್ಲಿನ ಬದಲು ಇವುಗಳನ್ನು ಬರೆಯಬಹುದು.