ರಿಜೆಕ್ಷನ್ ಲೆಕ್ಕಕ್ಕೆ ಕೈ-ಸ್ಕ್ವೇರ್ ಪರೀಕ್ಷೆ

ಒಂದು ಫೌಂಡ್ರಿಯಿಂದ ಬಂದ ಎರಕಗಳಲ್ಲಿ ಶೇ. 8 ರಿಜೆಕ್ಟ್ ಆಗಿವೆ, ಇನ್ನೊಂದರಿಂದ ಬಂದವುಗಳಲ್ಲಿ ಶೇ. 14. ಇಷ್ಟನ್ನು ಕಂಡೊಡನೆ ಎರಡನೆಯವರಿಗೆ ಆರ್ಡರ್ ನಿಲ್ಲಿಸುವ ಉದ್ಯಮಿಗಳುಂಟು. ಹಲವು ವರ್ಷಗಳ ವ್ಯವಹಾರ, ಸಾಲದ ವಾಯಿದೆ, ಪ್ಯಾಟರ್ನ್‌ಗೆ ಹೂಡಿದ ಹಣ ಎಲ್ಲವೂ ಆ ಒಂದು ಶೇಕಡಾವಾರಿನೊಡನೆ ಹೋಗಿಬಿಡುತ್ತವೆ. ಇಂಥ ವ್ಯತ್ಯಾಸವು ಕೇವಲ ಆಕಸ್ಮಿಕವಾಗಿ ಬರಬಹುದಾದುದೇ ಎಂದು ಅಳೆಯಲು ಇಂಗ್ಲೆಂಡಿನ ಕಾರ್ಲ್ ಪಿಯರ್ಸನ್ 1900ರಲ್ಲಿ ಕೈ-ಸ್ಕ್ವೇರ್ ಪರೀಕ್ಷೆಯನ್ನು ರೂಪಿಸಿದರು. ('ಕೈ' ಎಂಬುದು ಗ್ರೀಕ್ ಅಕ್ಷರದ ಹೆಸರು, ನಮ್ಮ ಕೈಗೂ ಅದಕ್ಕೂ ನಂಟಿಲ್ಲ.)

ಉದಾಹರಣೆಗೆ, ಮೊದಲ ಫೌಂಡ್ರಿಯ 200 ಎರಕಗಳಲ್ಲಿ 16, ಎರಡನೆಯದರ 100ರಲ್ಲಿ 14 ರಿಜೆಕ್ಟ್ ಆಗಿವೆಯೆಂದು ಇಟ್ಟುಕೊಳ್ಳೋಣ. ಒಟ್ಟು 300ರಲ್ಲಿ 30, ಅಂದರೆ ಶೇ. 10. ರಿಜೆಕ್ಷನ್‌ಗೂ ಫೌಂಡ್ರಿಗೂ ಸಂಬಂಧವೇ ಇಲ್ಲದಿದ್ದರೆ ಮೊದಲನೆಯದರಲ್ಲಿ 20, ಎರಡನೆಯದರಲ್ಲಿ 10 ರಿಜೆಕ್ಟ್ ನಿರೀಕ್ಷಿಸಬೇಕು. ಸರಿಯಾದವು ಕ್ರಮವಾಗಿ 180 ಮತ್ತು 90. ನಾಲ್ಕೂ ಮನೆಗಳಲ್ಲಿ ನಿರೀಕ್ಷೆಗೂ ವಾಸ್ತವಕ್ಕೂ ಇರುವ ಅಂತರ 4. ಅದರ ವರ್ಗ 16. ಇದನ್ನು ಆಯಾ ಮನೆಯ ನಿರೀಕ್ಷಿತ ಸಂಖ್ಯೆಯಿಂದ ಭಾಗಿಸಿ ಕೂಡಿದರೆ 2.67 ಬರುತ್ತದೆ. ಎರಡು ಸಾಲು, ಎರಡು ಕಂಬಗಳ ಪಟ್ಟಿಗೆ ರೂಢಿಯ ಮಿತಿ 3.84. ಸಂಬಂಧವಿಲ್ಲದಿದ್ದರೂ ಈ ಮಿತಿಯನ್ನು ದಾಟುವ ಸಂಭವ ನೂರಕ್ಕೆ ಸುಮಾರು ಐದು ಮಾತ್ರ. ನಮ್ಮ ಉತ್ತರ ಅದನ್ನು ಮುಟ್ಟಿಲ್ಲ. ಎರಡನೆಯ ಫೌಂಡ್ರಿ ನಿರ್ದೋಷಿಯೆಂದು ಇದರಿಂದ ಸಿದ್ಧವಾಗದು. ಆರೋಪ ಹೊರಿಸಲು ಸಾಕ್ಷ್ಯ ಸಾಲದು, ಅಷ್ಟೆ.

ಅದೇ ಶೇ. 8 ಮತ್ತು ಶೇ. 14 ಮುಂದುವರಿದು, 400ರಲ್ಲಿ 32, 200ರಲ್ಲಿ 28 ಆದವೆನ್ನಿ. ಆಗ ಉತ್ತರ 5.33, ಮಿತಿ ದಾಟಿತು. ಶೇಕಡಾವಾರು ಬದಲಾಗಿಲ್ಲ, ಸಾಕ್ಷ್ಯ ಬಲಗೊಂಡಿದೆ. ಆದುದರಿಂದ ಪಟ್ಟಿಯಲ್ಲಿ ತುಂಬಬೇಕಾದುದು ಎಣಿಕೆಯೇ ಹೊರತು ಶೇಕಡಾವಾರಲ್ಲ. ಕೇವಲ ಶೇಕಡಾವಾರು ಬರೆದಿಡುವ ರಿಜೆಕ್ಷನ್ ರಿಜಿಸ್ಟರ್‌ನಿಂದ ಈ ಪರೀಕ್ಷೆಗೆ ಪ್ರಯೋಜನವಿಲ್ಲ. ಸ್ವಾರಸ್ಯವೆಂದರೆ, ಇಂಥ ಪಟ್ಟಿಗೆ ಪಿಯರ್ಸನ್ ಅನುಸರಿಸಿದ ಮಿತಿ ಹೆಚ್ಚಾಗಿತ್ತು, 1922ರಲ್ಲಿ ಆರ್.ಎ. ಫಿಷರ್ ಅದನ್ನು ತಿದ್ದಿದರು.

ಒಂದು ಎರಕವನ್ನು ಒಂದೇ ಬಾರಿ ಎಣಿಸಬೇಕು. ಯಾವುದೇ ಮನೆಯ ನಿರೀಕ್ಷಿತ ಸಂಖ್ಯೆ 5ಕ್ಕಿಂತ ಕಡಿಮೆಯಿದ್ದರೆ ಫಿಷರ್ ಅವರದೇ ಇನ್ನೊಂದು ವಿಧಾನವನ್ನು ಬಳಸುವುದು ಲೇಸು.

ಮಿತಿ ದಾಟಿದರೂ ಕಾರಣ ತಿಳಿಯಿತೆಂದು ಭಾವಿಸಲಾಗದು. 1973ರಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಉನ್ನತ ವ್ಯಾಸಂಗಕ್ಕೆ ಅರ್ಜಿ ಹಾಕಿದ ಪುರುಷರಲ್ಲಿ ಸುಮಾರು ಶೇ. 44, ಮಹಿಳೆಯರಲ್ಲಿ ಶೇ. 35 ಮಂದಿಗೆ ಪ್ರವೇಶ ದೊರೆಯಿತು. ಅರ್ಜಿಗಳು ಹನ್ನೆರಡು ಸಾವಿರಕ್ಕೂ ಹೆಚ್ಚು. ಪರೀಕ್ಷೆಯಲ್ಲಿ ಸಂಬಂಧ ಸ್ಪಷ್ಟವಾಗಿತ್ತು. ವಿಭಾಗವಾರು ಬಿಡಿಸಿ ನೋಡಿದಾಗ ಮಹಿಳೆಯರ ವಿರುದ್ಧದ ಪಕ್ಷಪಾತ ಬಹುತೇಕ ಕಾಣಿಸಲಿಲ್ಲ. ಪ್ರವೇಶ ದೊರೆಯುವುದೇ ಕಷ್ಟವಾದ ವಿಭಾಗಗಳಿಗೆ ಮಹಿಳೆಯರು ಹೆಚ್ಚಾಗಿ ಅರ್ಜಿ ಹಾಕಿದ್ದರು.

ನಮ್ಮ ಕಾರ್ಖಾನೆಯಲ್ಲಿ ಎರಡನೆಯ ಫೌಂಡ್ರಿಯ ಮಾಲು ಹೆಚ್ಚಾಗಿ ಹಳೆಯ ಲೇತ್‌ಗೇ ಹೋಗುತ್ತಿರಬಹುದು. ಆರ್ಡರ್ ರದ್ದುಪಡಿಸುವ ಮುನ್ನ ಲೇತ್‌ವಾರು ಪ್ರತ್ಯೇಕ ಪಟ್ಟಿ ಮಾಡಿ, ಅದೇ ಲೆಕ್ಕವನ್ನು ಮತ್ತೊಮ್ಮೆ ಹಾಕಿ ನೋಡತಕ್ಕದ್ದು.