ವೀಡಿಯೋ ನಿಂತು ನಿಂತು ಬರುತ್ತಿದೆಯೇ? ದೋಷ ಎಲ್ಲಿದೆಯೆಂದು ಮೊದಲು ತಿಳಿಯೋಣ

ಪ್ರತಿ ವರ್ಷ ಜೂನ್ 13ರಂದು ಕೆ.ಆರ್.ನಗರ ತಾಲ್ಲೂಕಿನ ಡೋರ್ನಹಳ್ಳಿಯಲ್ಲಿ ಸಂತ ಅಂತೋಣಿಯವರ ಹಬ್ಬ. ಹೋಗಲಾಗದ ಹಿರಿಯರಿಗೆ ಮನೆಯ ಕಂಪ್ಯೂಟರೇ ಆಸರೆ. ಆದರೆ ಚಿತ್ರ ನಿಂತು ನಿಂತು ಬಂದರೆ ಅಥವಾ ಮಸುಕಾದರೆ? ‘ಹೊಸ ಕಂಪ್ಯೂಟರ್ ತೆಗೆದುಕೊಳ್ಳಿ’ ಎಂಬ ಸಲಹೆ ಕೂಡಲೇ ಸಿಗುತ್ತದೆ. ಹುಣಸೂರು, ಪಿರಿಯಾಪಟ್ಟಣಗಳಲ್ಲಿ ಹೊಗೆಸೊಪ್ಪಿನ ಹಣವನ್ನೇ ನಂಬಿರುವ ಮನೆಗಳಿಗೆ ಅದು ಸಣ್ಣ ಖರ್ಚಲ್ಲ. ಆದ್ದರಿಂದ ಹಣ ಕೊಡುವ ಮೊದಲು ದೋಷ ಇಂಟರ್ನೆಟ್‌ನಲ್ಲಿದೆಯೋ, ಕಂಪ್ಯೂಟರಿನಲ್ಲಿದೆಯೋ, ವೀಡಿಯೋದಲ್ಲೇ ಇದೆಯೋ ಎಂದು ನೋಡೋಣ.

ಇಂಟರ್ನೆಟ್: ಪರದೆಯ ನಡುವೆ ಚಕ್ರ ತಿರುಗುತ್ತಾ ಚಿತ್ರ ನಿಂತರೆ ಹೆಚ್ಚಾಗಿ ಸಂಪರ್ಕ ನಿಧಾನವಾಗಿದೆ ಎಂದರ್ಥ. ಎಚ್.ಡಿ.ಕೋಟೆಯ ಕಾಡಂಚಿನ ಊರುಗಳಲ್ಲಿ ಮೊಬೈಲ್ ಸಿಗ್ನಲ್ ನಂಬಿದವರಿಗೆ ಇದು ಹೊಸದಲ್ಲ. ಯೂಟ್ಯೂಬ್‌ನಲ್ಲಿ 1080ಪಿ ಗುಣಮಟ್ಟಕ್ಕೆ ಸೆಕೆಂಡಿಗೆ ಸುಮಾರು 5 ಮೆಗಾಬಿಟ್ ವೇಗ ಬೇಕು. 480ಪಿಗೆ ಸುಮಾರು 1 ಸಾಕು. ಹಲ್ಲುಚಕ್ರದ ಗುರುತನ್ನು ಒತ್ತಿ 480ಪಿ ಆರಿಸಿರಿ. ವೈಫೈ ಪೆಟ್ಟಿಗೆ ದೂರದಲ್ಲಿದ್ದರೆ ಹತ್ತಿರ ತನ್ನಿರಿ ಅಥವಾ ಕೇಬಲ್ ಜೋಡಿಸಿರಿ.

ಕಂಪ್ಯೂಟರ್: ಧ್ವನಿ ಸರಿಯಾಗಿದ್ದು ಚಿತ್ರ ಮಾತ್ರ ಕುಂಟಿದರೆ, ಅದರಲ್ಲೂ ಕಂಪ್ಯೂಟರಿನಲ್ಲೇ ಉಳಿಸಿದ ವೀಡಿಯೋ ಸಹ ಹಾಗೆಯೇ ಬಂದರೆ, ಇಂಟರ್ನೆಟ್ಟನ್ನು ದೂರುವಂತಿಲ್ಲ. ವೀಡಿಯೋಗಳನ್ನು ಕುಗ್ಗಿಸಿ ಇಡಲಾಗುತ್ತದೆ. ಅವನ್ನು ಬಿಡಿಸುವ ಕೆಲಸ ಕಂಪ್ಯೂಟರಿನದು. 2003ರ ಎಚ್.264 ವಿಧಾನ ಹಳೆಯ ಯಂತ್ರಗಳಿಗೂ ಸುಲಭ. ಇಂದಿನ ಅನೇಕ ಫೋನುಗಳು ಬಳಸುವ 2013ರ ಎಚ್.265 ಹಾಗಲ್ಲ. ಅದನ್ನು ಬಿಡಿಸುವ ಭಾಗವೇ ಹಳೆಯ ಗ್ರಾಫಿಕ್ಸ್ ಚಿಪ್‌ನಲ್ಲಿ ಇಲ್ಲದಿದ್ದರೆ ಎಲ್ಲ ಹೊರೆ ಪ್ರೊಸೆಸರಿನ ಮೇಲೆ ಬೀಳುತ್ತದೆ. ಅಂತಹ ಫೈಲನ್ನು ಉಚಿತವಾಗಿ ಸಿಗುವ ವಿಎಲ್‌ಸಿ ಮೂಲಕ ಎಚ್.264ಕ್ಕೆ ಬದಲಿಸಬಹುದು. ಇತರ ಕಾರ್ಯಕ್ರಮಗಳನ್ನು ಮುಚ್ಚಿರಿ, ಬ್ರೌಸರಿನಲ್ಲಿ ‘ಹಾರ್ಡ್‌ವೇರ್ ಆಕ್ಸಿಲರೇಶನ್’ ಚಾಲೂ ಇದೆಯೇ ನೋಡಿರಿ, ಗ್ರಾಫಿಕ್ಸ್ ಡ್ರೈವರ್ ನವೀಕರಿಸಿರಿ. ವಿದ್ಯುತ್ ಸಂಪರ್ಕ ತೆಗೆದು ಫ್ಯಾನಿನ ಧೂಳನ್ನೂ ತೆಗೆಯಿರಿ; ಬಿಸಿಯಾದ ಪ್ರೊಸೆಸರ್ ತಾನಾಗಿ ವೇಗ ತಗ್ಗಿಸುತ್ತದೆ.

ವೀಡಿಯೋ: ವಾಟ್ಸಾಪ್‌ನಲ್ಲಿ ಬಂದ ಚಿತ್ರ ಮಸುಕಾಗಿದ್ದರೆ ಕಂಪ್ಯೂಟರಿನ ತಪ್ಪಿಲ್ಲ, ಕಳುಹಿಸುವಾಗಲೇ ಅದನ್ನು ಕುಗ್ಗಿಸಲಾಗಿದೆ. ‘ಡಾಕ್ಯುಮೆಂಟ್’ ಆಗಿ ಕಳುಹಿಸಲು ಹೇಳಿರಿ. ಹಳೆಯ ಮದುವೆಯ ಡಿವಿಡಿಯಲ್ಲಿ ಇರುವುದು 720 x 576 ಚುಕ್ಕೆಗಳು ಮಾತ್ರ. ದೊಡ್ಡ ಪರದೆಯಲ್ಲಿ ಮಸುಕಾಗುವುದು ಸಹಜ. ಚಲಿಸುವವರ ಅಂಚಿನಲ್ಲಿ ಬಾಚಣಿಗೆಯ ಹಲ್ಲಿನಂತೆ ಗೆರೆ ಕಂಡರೆ ವಿಎಲ್‌ಸಿಯ ವೀಡಿಯೋ ಮೆನುವಿನಲ್ಲಿ ‘ಡಿಇಂಟರ್‌ಲೇಸ್’ ಆರಿಸಿರಿ.

ಮುಖ್ಯವಾದ ಕಾರ್ಯಕ್ರಮವಿದ್ದರೆ ಹಿಂದಿನ ದಿನವೇ ಪರೀಕ್ಷಿಸಿ ನೋಡಿರಿ. ಮನೆಯ ಅಥವಾ ವಾಳೆಯ ಯುವಕರು ಅರ್ಧ ಗಂಟೆ ಕೊಟ್ಟರೆ ಹಿರಿಯರಿಗೆ ಹಬ್ಬ ತಪ್ಪುವುದಿಲ್ಲ, ಮನೆಯವರಿಗೆ ಹಣವೂ ಉಳಿಯುತ್ತದೆ.